ನಲವತ್ತೊಂದು ಅರ್ಜಿ ಬರೆದ ಜಲಜಾಕ್ಷಿ

ಬೆಳಗಿನ ಆರೂವರೆ. ಮಲೇಷ್ಯಾದ ಸುಂಗೈ ಸಿಪುಟ್ ಪಟ್ಟಣದಾಚೆಯ ರಬ್ಬರ್ ತೋಟದಲ್ಲಿ ಇನ್ನೂ ಮಬ್ಬುಗತ್ತಲೆ. ತೆಮಿಯಾರ್ ಬುಡಕಟ್ಟಿನ ಬುಸು ಅಜ್ಜಿ ಮರದಿಂದ ಮರಕ್ಕೆ ಗೀರು ಹಾಕುತ್ತಾ ಸಾಗಿದ್ದಾರೆ. ಹತ್ತು ಹೆಜ್ಜೆ ಹಿಂದೆ, ಕೊರಳಿಗೆ ರೆಕಾರ್ಡರ್ ನೇತುಹಾಕಿಕೊಂಡ ಜಲಜಾಕ್ಷಿ. ಮೂರು ತಿಂಗಳ ಹಿಂದಿನವರೆಗೂ ಅಜ್ಜಿ ಈ ಹೊತ್ತಿಗೆ ಹಾಡುತ್ತಿದ್ದರು. ಈಗ ಚಾಕು ತೊಗಟೆ ಕೆರೆಯುವ ಸದ್ದಷ್ಟೇ.

“ಇವತ್ತೂ ಇಲ್ಲ ಮಾರಾಯ್ರೆ. ಹಾಡು ರೆಕಾರ್ಡ್ ಮಾಡಿ ಕೊಡುವ ಗಡುವಿಗೆ ಇನ್ನು ನಾಲ್ಕೇ ದಿನ ಉಂಟು. ನಂಗೇನೂ ಆಸೆ ಇಲ್ಲ. ಆದ್ರೂ ಬರ್ತೇನೆ, ಮನೇಲಿ ಕೂತು ಎಂತ ಮಾಡುದು?” ಎನ್ನುತ್ತಾರೆ ಜಲಜಾಕ್ಷಿ.

ಇವರಿಗೆ ಐವತ್ತೆಂಟು. ಉಡುಪಿ ಕಡೆಯವರು. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಲು ಬಂದ ಗಂಡನ ಜೊತೆ ಇಪೋ ನಗರ ಸೇರಿದರು. ಅವರು ತೀರಿಕೊಂಡ ಮೇಲೆ ತಮಿಳರೊಬ್ಬರ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಕೆಲಸ ಹಿಡಿದರು. ಏಳು ವರ್ಷದ ಹಿಂದೆ ಅಜ್ಜಿಯ ಮೊಮ್ಮಗಳು ಒಂದು ಫಾರಂ ಹಿಡಿದು ಆ ಅಂಗಡಿಯ ಮುಂದೆ ನಿಂತಿದ್ದಳು. ಉದಯೋನ್ಮುಖ ಹಾಗೂ ಮೂಲನಿವಾಸಿ ಸಂಗೀತಗಾರರಿಗೆ ಸಂಸ್ಥೆಯೊಂದು ಕೊಡುವ ಅನುದಾನದ ಅರ್ಜಿ ಅದು. ಜಲಜಾಕ್ಷಿ ತುಂಬಿಕೊಟ್ಟರು. ಸುದ್ದಿ ಹಬ್ಬಿತು. ಇಲ್ಲಿಯವರೆಗೆ ನಲವತ್ತೊಂದು ಅರ್ಜಿ ಬರೆದಿದ್ದಾರೆ, ಎಲ್ಲವೂ ಬಿಟ್ಟಿ. ಮಂಜೂರಾದದ್ದು ಮೂರು!

“ಅರ್ಜಿ ಬರೆಸಿದವರೊಬ್ಬರು ಮೂಗಲ್ಲಿ ಊದುವ ಕೊಳಲು ತಂದುಕೊಟ್ರು. ನಂಗೆ ಬಾಯಲ್ಲೇ ಊದ್ಲಿಕ್ಕೆ ಬರುದಿಲ್ಲ,” ಎಂದು ನಗುತ್ತಾರೆ. ನಗು ಅಲ್ಲಿಗೇ ನಿಲ್ಲುತ್ತದೆ.

ಆ ಅನುದಾನದ ಫಾರಂ ನಾನೂ ನೋಡಿದೆ. ಕಲಾವಿದರ ವೆಬ್‌ಸೈಟ್ ವಿಳಾಸ ಬೇಕಂತೆ, ಮುಂದಿನ ಐದು ವರ್ಷದ ಗುರಿ ಬೇಕಂತೆ. ಇದನ್ನು ಮಾಡಿದ ಪುಣ್ಯಾತ್ಮರು ಒಮ್ಮೆ ಈ ಕೆಸರುದಾರಿಯಲ್ಲಿ ನಡೆದು ಬರಲಿ! “ಇಲ್ಲಿ ಕರೆಂಟೇ ನೆಟ್ಟಗಿಲ್ಲ, ವೆಬ್‌ಸೈಟ್ ಎಲ್ಲಿಂದ ತರುದು ಲಾ?” ಎನ್ನುತ್ತಾರೆ ಜಲಜಾಕ್ಷಿ, ಇಲ್ಲಿನವರಂತೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿ.

ಆದರೆ ಅಜ್ಜಿಯ ಅರ್ಜಿ ಸಿಕ್ಕಿಹಾಕಿಕೊಂಡದ್ದು ಬೇರೊಂದು ಖಾನೆಯಲ್ಲಿ: ಹಾಡು ಕಟ್ಟಿದವರ ಹೆಸರು. ತೆಮಿಯಾರ್ ಜನರಲ್ಲಿ ಹಾಡನ್ನು ಯಾರೂ ಕಟ್ಟುವುದಿಲ್ಲ. ಬೆಟ್ಟವೋ ಹೊಳೆಯೋ ಮರವೋ ಕನಸಿನಲ್ಲಿ ಬಂದು ಕೊಡುತ್ತದೆ, ಪಡೆದವರು ಹಾಡುತ್ತಾರೆ. ಬುಸು ಅಜ್ಜಿಗೆ ಕೊಟ್ಟದ್ದು ಮನೆಯ ಹಿಂದಿನ ಬೆಟ್ಟ. ಜಲಜಾಕ್ಷಿ ಹಾಗೆಯೇ ಬರೆದು ಆರು ಸಲ ಕಳಿಸಿದರು. ಆರು ಸಲವೂ ‘ಅಪೂರ್ಣ’ ಎಂದು ವಾಪಸ್ ಬಂತು. ಅಜ್ಜಿಗೆ ಎಪ್ಪತ್ತೆಂಟಾಯಿತು. ಮೊಮ್ಮಗಳು ಕ್ಲಾಂಗ್ ಬಂದರಿನ ಗೋದಾಮು ಸೇರಿದಳು. ಆ ಹಾಡುಗಳು ಇನ್ನೊಬ್ಬರಿಗೆ ಬರುವುದಿಲ್ಲ.

“ಈ ಸಲ ಅಜ್ಜಿ ಹೆಸರೇ ಬರೆದೆ. ಅವ್ರಿಗೆ ಹೇಳ್ಲಿಲ್ಲ. ಒಂದು ಹೆಸರಲ್ವಾ, ಎಂತ ಆಗ್ತದೆ ಅಂತ.”

ಮೂರು ತಿಂಗಳ ಹಿಂದೆ ಅನುದಾನ ಮಂಜೂರಾಯಿತು, ಹಾಡುಗಳನ್ನು ಧ್ವನಿಮುದ್ರಿಸಿ ವರದಿ ಕೊಡಬೇಕೆಂಬ ಷರತ್ತಿನ ಮೇಲೆ. ಖುಷಿಯಲ್ಲಿ ಓಡಿಬಂದು ಪತ್ರವನ್ನು ಮಲಯ ಭಾಷೆಯಲ್ಲಿ ಓದಿ ಹೇಳಿದರು, ಆ ಹೆಸರನ್ನೂ ಸೇರಿಸಿ. ಅಜ್ಜಿ ಪೂರ್ತಿ ಕೇಳಿ, “ಹಾಡು ನನ್ನದಲ್ಲ. ಬೆಟ್ಟಕ್ಕೆ ಗೊತ್ತಾಗಿರುತ್ತದೆ,” ಎಂದರಂತೆ. ಅಂದಿನಿಂದ ಕನಸಿಲ್ಲ. ಹಳೆಯ ಹಾಡೂ ಬಾಯಿಗೆ ಬರುತ್ತಿಲ್ಲ.

“ಬೈದಿದ್ರೆ ಸಮಾಧಾನ ಆಗ್ತಿತ್ತು. ಬೈಯುದೇ ಇಲ್ಲ. ಮರಗೆಣಸು ಬೇಯಿಸಿ, ‘ಮಕಾನ್, ತಿನ್ನು’ ಅಂತ ಮುಂದಿಡ್ತಾರೆ.” ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಬಿಸಿಲೇರಿದಾಗ ಅಜ್ಜಿಯ ಬಿದಿರ ಜಗಲಿಯಲ್ಲಿ ಕೂತು ಜಲಜಾಕ್ಷಿ ಸಂಸ್ಥೆಗೆ ಕೊಡಬೇಕಾದ ವರದಿ ತುಂಬುತ್ತಾರೆ. ಧ್ವನಿಮುದ್ರಿಸಿದ ಹಾಡುಗಳು: ಸೊನ್ನೆ. ಕಾರಣ: ‘ಅರ್ಜಿಯಲ್ಲಿ ಸುಳ್ಳು ಇತ್ತು. ಬರೆದದ್ದು ನಾನು, ಹಾಡುಗಾರ್ತಿಯಲ್ಲ. ಅನುದಾನ ಹಿಂದಕ್ಕೆ ಪಡೆಯಿರಿ.’ ಕೆಳಗೆ ತಮ್ಮ ಪೂರ್ಣ ಹೆಸರು, ಸಹಿ. ನಲವತ್ತೊಂದು ಅರ್ಜಿಗಳಲ್ಲಿ ಎಲ್ಲಿಯೂ ಇರದಿದ್ದ ಹೆಸರು ಅದು.

ಬರೆದದ್ದನ್ನು ಅಜ್ಜಿಗೆ ಓದಿ ಹೇಳುತ್ತಾರೆ. ಅಜ್ಜಿ ಬೆಟ್ಟದ ಕಡೆ ಕೈ ತೋರಿಸಿ, ಅತ್ತ ತಿರುಗಿ ಜೋರಾಗಿ ಓದು ಎನ್ನುತ್ತಾರೆ. ಜಲಜಾಕ್ಷಿ ಎದ್ದು ನಿಂತು ಕೂಗಿ ಓದುತ್ತಾರೆ. ಓದಿ ಮುಗಿದರೂ ಅಜ್ಜಿಯ ಬಾಯಿಗೆ ಹಾಡು ಬರುವುದಿಲ್ಲ. ಕೊನೆಗೆ ರೆಕಾರ್ಡರ್ ಚೀಲ ಸೇರುತ್ತದೆ.

“ಇನ್ನು ಇದನ್ನು ತರುದಿಲ್ಲ. ಅಜ್ಜಿ ಒಮ್ಮೆ ಹಾಡಿದ್ರೆ ಸಾಕು,” ಎನ್ನುತ್ತಾರೆ, ಚಪ್ಪಲಿ ಮೆಟ್ಟುತ್ತಾ. “ನಂಗೆ ಕೇಳದಿದ್ರೂ ಆದೀತು.”