ಅಜ್ಜಾರ ಕಾಲಿನ ಗಾಯ

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಬಸ್ಸು ಆ ಊರಿನ ಅಗಸಿಬಾಗಿಲ ಮುಂದೆ ಸರಿಯಾಗಿ ನಿಲ್ಲುತ್ತಲೂ ಇರಲಿಲ್ಲ. ನಾನು ನರ್ಸಾಗಿ ಅಲ್ಲಿಗೆ ಬಂದ ದಿನ ಟ್ರಂಕು ಕೆಳಗಿಳಿಸುವಷ್ಟರಲ್ಲಿ ಕಂಡಕ್ಟರು ಸೀಟಿ ಊದಿಬಿಟ್ಟಿದ್ದ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ತವರು ರಾಮದುರ್ಗದ ಕಡೆಯದು. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ಜ್ವರದಿಂದ ತೀರಿಕೊಂಡ. ಅಣ್ಣ ಬೆಳಗಾವಿಗೆ ಕರೆದುಕೊಂಡು ಹೋಗಿ ನರ್ಸ್ ತರಬೇತಿಗೆ ಸೇರಿಸಿದ. ಅಲ್ಲಿ ಇಲ್ಲಿ ಕೆಲಸ ಮಾಡಿ ಈ ಊರಿನ ಉಪಕೇಂದ್ರಕ್ಕೆ ಬಂದಾಗ ನನಗೆ ಮೂವತ್ತು ದಾಟಿತ್ತು.

ಊರಿನವರು ಕೆಟ್ಟವರಲ್ಲ. 'ನರ್ಸಬಾಯಾರ' ಎಂದು ಮರ್ಯಾದೆಯಿಂದಲೇ ಮಾತಾಡಿಸುತ್ತಿದ್ದರು. ಹೆರಿಗೆ ಎಂದರೆ ಚಕ್ಕಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಆದರೆ ಅದೇ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನನಗೆ ಕರೆ ಇರುತ್ತಿರಲಿಲ್ಲ. ಮುತ್ತೈದೆಯರ ಕಾರ್ಯಕ್ರಮಕ್ಕೆ ನನ್ನಂಥವಳು ಬರುವುದು ಹೇಗೆ? ಮರುದಿನ ಡಬ್ಬಿಯಲ್ಲಿ ಗುಗ್ಗರಿ, ಬುಂದೆ ಲಾಡು ಬರುತ್ತಿದ್ದವು. ನಾನೇ ಹೊಕ್ಕಳಬಳ್ಳಿ ಕತ್ತರಿಸಿದ ಕೂಸಿಗೆ ಏನು ಹೆಸರಿಟ್ಟರು ಎಂಬುದನ್ನು ಲಸಿಕೆ ಹಾಕುವ ದಿನ ಕೇಳಿ ತಿಳಿದುಕೊಳ್ಳುತ್ತಿದ್ದೆ. ನನ್ನ ಬಾಡಿಗೆ ಖೋಲಿ ಒಬ್ಬ ರೈತರ ಮನೆಯ ಹಿತ್ತಲಿನಲ್ಲಿತ್ತು. ಸಂಜೆ ಒಂದೇ ಸಲ ರೊಟ್ಟಿ ಬಡಿದು ಇಟ್ಟುಕೊಂಡರೆ ಮರುದಿನ ಮಧ್ಯಾಹ್ನದವರೆಗೂ ನಡೆಯುತ್ತಿತ್ತು. ರೇಡಿಯೋ ಹಚ್ಚಿದರೆ ಮಾತು, ಆರಿಸಿದರೆ ಮೌನ.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ದಿನ ಆರೋಗ್ಯ ಕೇಂದ್ರದ ಡಾಕ್ಟರು ನನ್ನನ್ನು ಕರೆದು, ಬಿಪಿ, ಸಕ್ಕರೆ ಕಾಯಿಲೆ ಹಳ್ಳಿಗಳಲ್ಲೂ ಹೆಚ್ಚುತ್ತಿವೆ, ಮಂದಿ ಮಾತ್ರ ಬಿದ್ದ ಮೇಲೆಯೇ ದವಾಖಾನೆಗೆ ಬರುತ್ತಾರೆ ಎಂದರು. "ನಿಮ್ಮ ಊರಾಗ ಮಂದಿ ತಾವಾಗೇ ಕೂಡೂದು ಎಲ್ಲೆ ಹೇಳ್ರಿ?" ಎಂದು ಕೇಳಿದರು.

ನಾನು ಯೋಚಿಸಬೇಕಾದದ್ದೇ ಇರಲಿಲ್ಲ. "ಮಠದಾಗ್ರಿ. ಅಮಾಸಿಗೊಮ್ಮೆ ಪ್ರವಚನ ಇರತೈತಿ."

ಹಾಗೆ ನಾನು ಮೊದಲ ಸಲ ಮಠದ ಸ್ವಾಮಿಗಳ ಮುಂದೆ ಹೋಗಿ ನಿಂತೆ. ಊರವರು ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು, ಆದರೆ ವಯಸ್ಸು ಐವತ್ತರ ಆಸುಪಾಸು. ದಪ್ಪ ಮೈ, ಸಣ್ಣ ದನಿ. ನಾನು ಹೇಳಿದ್ದನ್ನೆಲ್ಲ ಕೇಳಿ ನಕ್ಕರು.

"ನನ್ನ ಮಾತು ಕೇಳಾಕ ತಾಸಗಟ್ಲೆ ಕುಂದರತಾರ. ಅದರಾಗ ಒಂದೀಟು ನಿನಗೂ ಕೊಡತೇನಿ ತಗೋ, ತಂಗಿ. ಒಂದು ಮೇಜು ಹಾಕ್ಸತೇನಿ."

ಮೊದಲ ಅಮಾವಾಸ್ಯೆ ಸಂಜೆ ಮಠದ ಪಡಸಾಲೆಯ ಮೂಲೆಯಲ್ಲಿ ಬಿಪಿ ಯಂತ್ರ ಇಟ್ಟುಕೊಂಡು ಕುಳಿತೆ. ಜೊತೆಗೆ ಆರೋಗ್ಯ ಕೇಂದ್ರದಿಂದ ಬಂದ ಲ್ಯಾಬಿನವರೊಬ್ಬರು. ಪ್ರವಚನ ಮುಗಿಯಿತು, ಮಂಗಳಾರತಿ ಆಯಿತು, ಮಂದಿ ಎದ್ದು ನೇರವಾಗಿ ಪ್ರಸಾದದ ಪಂಕ್ತಿಗೆ ಹೋದರು. ನನ್ನ ಮೇಜಿನ ಹತ್ತಿರ ಬರುವಾಗ ಹೆಂಗಸರು ಸೆರಗು ಎಳೆದುಕೊಂಡು ಸ್ವಲ್ಪ ದೂರದಿಂದ ದಾಟುತ್ತಿದ್ದರು. ಗಂಡಸರು "ಏನೂ ಆಗಿಲ್ರಿ ನಮಗ" ಎಂದು ನಗುತ್ತಿದ್ದರು. ಕಿವಿ ಮಂದವಾಗಿದ್ದ ಒಬ್ಬ ಮುದುಕಿ ಮಾತ್ರ ಬಂದು ಕುಳಿತಳು, ಅದೂ ಕಾಲು ನೋಯುತ್ತಿದ್ದವು ಎಂದು. ಎರಡನೆಯ ಅಮಾವಾಸ್ಯೆಯೂ ಹಾಗೇ ಹೋಯಿತು. ನೂರಾರು ಜನರ ನಡುವೆ ಖಾಲಿ ಸ್ಟೂಲಿನ ಎದುರು ಕುಳಿತಿರುವುದು ನನ್ನ ಖೋಲಿಯಲ್ಲಿ ಒಬ್ಬಳೇ ಇರುವುದಕ್ಕಿಂತ ಕಷ್ಟ ಎಂದು ಆಗ ಗೊತ್ತಾಯಿತು.

ಮೂರನೆಯ ಸಲ ಅಜ್ಜಾರು ಪ್ರವಚನ ಮುಗಿಸಿ ಗದ್ದಿಗೆಯಿಂದ ಇಳಿದವರು ಸೀದಾ ನನ್ನ ಕಡೆ ಬಂದರು. ಎಲ್ಲರೂ ಎದ್ದು ನಿಂತರು. ಅವರು ಸ್ಟೂಲಿನ ಮೇಲೆ ಕುಳಿತು, ಕಾವಿ ಶಲ್ಯ ಸರಿಸಿ, ಕೈ ಚಾಚಿದರು.

"ನೋಡು ತಂಗಿ, ನನ್ನೊಳಗ ಏನ್ ನಡದೈತಿ."

ಅಜ್ಜಾರನ್ನು ಯಾರೂ ಮುಟ್ಟುತ್ತಿರಲಿಲ್ಲ, ಪಾದಗಳನ್ನು ಬಿಟ್ಟು. ನಾನು ಪಟ್ಟಿ ಸುತ್ತುವಾಗ ಅವರು ತಮ್ಮ ತೋಳನ್ನೇ ನೋಡುತ್ತಿದ್ದರು, ಅದು ಬೇರೆ ಯಾರದೋ ಎಂಬಂತೆ. ಬಿಪಿ ಹೆಚ್ಚಿತ್ತು. ಲ್ಯಾಬಿನವರು ಬೆರಳು ಚುಚ್ಚಿ ರಕ್ತ ತೆಗೆದರು. ಸಕ್ಕರೆ ಅದಕ್ಕಿಂತ ಹೆಚ್ಚಿತ್ತು. ನಾನು ಬಾಗಿ ಮೆಲ್ಲಗೆ ಹೇಳಿದೆ. ಅವರು ತಲೆಯಾಡಿಸಿ ಎದ್ದು ಹೋದರು. ಅವರ ಹಿಂದೆಯೇ ಸ್ಟೂಲಿಗೆ ಸಾಲು ಹತ್ತಿತು.

ಮರುದಿನ ಮಠದ ಕಮಿಟಿಯ ಹಿರಿಯರೊಬ್ಬರು ಉಪಕೇಂದ್ರಕ್ಕೆ ಬಂದರು. ಬೈಲಹೊಂಗಲದ ಪೇಟೆಯಲ್ಲಿ ಕಾಳುಕಡಿಯ ದಲಾಲಿಯ ಅಡತಿ ಅಂಗಡಿ ಇದ್ದವರು, ಮಠದ ಕೆಲಸಕ್ಕೆ ತಮ್ಮ ಕೆಲಸ ಬಿಟ್ಟು ಓಡಿಬರುವವರು.

"ಬಾಯಾರ, ಅಜ್ಜಾರಿಗೆ ಬ್ಯಾನಿ ಐತಿ ಅಂತ ಊರಾಗ ತಿಳೀಬಾರ್ದು ನೋಡ್ರಿ. ಮಂದಿ ತಮ್ಮ ಬ್ಯಾನಿ ಹೇಳಾಕ ಅವರ ಕಡೆ ಬರತಾರ. ಅವರಿಗೇ ಐತಿ ಅಂದ್ರ ಹೆಂಗ್ರಿ?"

"ಯಾರ ಬ್ಯಾನಿನೂ ನಾ ಹೊರಗ ಹೇಳೂದಿಲ್ರಿ," ಎಂದೆ. "ಆದ್ರ ಅವರು ಗುಳಿಗಿ ತಗೋಬೇಕು, ಸಿಹಿ ಬಿಡಬೇಕು."

ಗುಳಿಗೆ ತೆಗೆದುಕೊಂಡರು. ಸಿಹಿ ಬಿಡುವುದು ಅವರ ಕೈಯಲ್ಲಿ ಇರಲಿಲ್ಲ. ದಿನಾಲೂ ಯಾರದಾದರೂ ಮನೆಯಲ್ಲಿ ಪಾದಪೂಜೆ. ಅಜ್ಜಾರ ಪಾದ ತೊಳೆದು, ಆ ನೀರನ್ನು ಮನೆಮಂದಿಯೆಲ್ಲ ತೀರ್ಥವೆಂದು ಕುಡಿದು, ಆಮೇಲೆ ಅವರಿಗೆ ಹೋಳಿಗೆ ತುಪ್ಪ ಬಡಿಸುವರು. ಅವರು ಉಣ್ಣದಿದ್ದರೆ ಆ ಮನೆಯವರು ಉಣ್ಣುವುದಿಲ್ಲ. ನಾನು ಒಮ್ಮೆ ಗಟ್ಟಿಯಾಗಿಯೇ ಹೇಳಿದಾಗ ಅವರು, "ಒಲ್ಲೆ ಅಂದ್ರ ಆ ಮನಿ ಹೆಣ್ಮಗಳು ತನ್ನಿಂದ ಏನೋ ತಪ್ಪಾತು ಅಂತ ವರ್ಷಗಟ್ಲೆ ಅಳತಾಳ ತಂಗಿ. ನಾ ಏನ್ ಮಾಡ್ಲಿ ಹೇಳು," ಎಂದರು.

ಮುಂದಿನ ಬೇಸಿಗೆಯಲ್ಲಿ ಅವರು ಒಮ್ಮೆಲೇ ಪಾದಪೂಜೆಗೆ ಹೋಗುವುದನ್ನು ನಿಲ್ಲಿಸಿದರು. ಕಾರಣ ಯಾರಿಗೂ ಹೇಳಲಿಲ್ಲ. ಊರಲ್ಲಿ ಗುಸುಗುಸು ಶುರುವಾಯಿತು. ಹೊಲದ ವ್ಯಾಜ್ಯದಲ್ಲಿ ಅಜ್ಜಾರ ಮಾತು ಕೇಳದವರ ಮೇಲೆ ಸಿಟ್ಟಾಗಿದ್ದಾರೆ ಎಂದು ಕೆಲವರು, ಯಾರದೋ ಮನೆಯಲ್ಲಿ ಮಡಿ ತಪ್ಪಿದೆ ಎಂದು ಕೆಲವರು. ಒಂದು ಬೆಳಿಗ್ಗೆ ಮಠದ ಅಡುಗೆಯವರು ಬಂದು ನನ್ನನ್ನು ಕರೆದರು.

ಅಜ್ಜಾರು ಒಳಗಿನ ಖೋಲಿಯಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಬಲಗಾಲಿನ ಹೆಬ್ಬೆರಳಿಗೆ ಅರಿಶಿನ ಮೆತ್ತಿದ ಅರಿವೆ ಸುತ್ತಿತ್ತು. ಬಿಚ್ಚಿದಾಗ ವಾಸನೆ ಬಂತು. ಕಟ್ಟಿಗೆಯ ಹಾವುಗೆ ತಿಕ್ಕಿ ಆದ ಗಾಯ, ಒಳಗೆ ಆಳಕ್ಕೆ ಹೋಗಿತ್ತು.

"ನೋವು ಎಂದಿಂದ ಐತ್ರಿ?"

"ನೋವೇ ಇಲ್ಲಲ್ಲ ತಂಗಿ. ಅದಕ್ಕೇ ತಿಳೀಲಿಲ್ಲ. ಒಂದ ಮನ್ಯಾಗ ಪಾದ ತೊಳದ ಹೆಣ್ಮಗಳು ಬಟ್ಟಲಾ ಬಾಯಿಗಿ ಎತ್ತಿದ್ಲು. ನೀರು ಕೆಂಪಗಿತ್ತು. ಕುಂಕುಮ ಅಂತ ತಿಳಕೊಂಡಿದ್ಲು ಆಕಿ. ನಾನು ಬಟ್ಟಲಾ ಕಸಗೊಂಡು ಚೆಲ್ಲಿಬಿಟ್ಟೆ." ಬಿಚ್ಚಿದ ಅರಿವೆಯನ್ನು ಬದಿಗೆ ಸರಿಸುತ್ತ ಹೇಳಿದರು, "ಆಕಿ ಈಗೂ ಅಳಾಕತ್ತಾಳಂತ."

ಸಕ್ಕರೆ ಕಾಯಿಲೆಯಲ್ಲಿ ಪಾದ ಜೋಮು ಹಿಡಿದು ನೋವೇ ಗೊತ್ತಾಗದಂತೆ ಆಗುತ್ತದೆ ಎಂದು ವಿವರಿಸಿದೆ. ದೊಡ್ಡ ದವಾಖಾನೆಗೆ ಹೋಗಲೇಬೇಕು ಎಂದೆ. ಕಮಿಟಿಯ ಹಿರಿಯರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಡಾಕ್ಟರನ್ನೇ ಗುಟ್ಟಾಗಿ ಮಠಕ್ಕೆ ಕರೆಸಿದರಾಗದೇ ಎಂದು ಕೇಳಿದರು. ನಾನು ಅವರನ್ನು ಒಳಗೆ ಕರೆದು ಗಾಯ ತೋರಿಸಿದೆ. ಅಂದೇ ಮಧ್ಯಾಹ್ನ ಜೀಪು ತಂದು ಅಜ್ಜಾರನ್ನು ಧಾರವಾಡಕ್ಕೆ ಕರೆದೊಯ್ದರು.

ಅಲ್ಲಿ ಬೆರಳು ತೆಗೆದರು. ಅಜ್ಜಾರು ಯಾತ್ರೆಗೆ ಹೋಗಿದ್ದಾರೆ ಎಂದು ಊರಲ್ಲಿ ಹೇಳಿದ್ದರು. ವಾಪಸು ಬಂದ ಮೇಲೆ ದಿನಾ ಡ್ರೆಸ್ಸಿಂಗ್ ಮಾಡುವ ಕೆಲಸ ನನಗೆ ಬಂತು. ದಿನಾ ಬೆಳಿಗ್ಗೆ ಹಳ್ಳಿ ತಿರುಗುವ ಮುಂಚೆ ಮಠಕ್ಕೆ ಹೋಗಿ, ಹಳೆಯ ಪಟ್ಟಿ ಬಿಚ್ಚಿ, ತೊಳೆದು, ಔಷಧ ಹಚ್ಚಿ, ಹೊಸ ಪಟ್ಟಿ ಕಟ್ಟುತ್ತಿದ್ದೆ. ಮೊದಮೊದಲು ಇಬ್ಬರೂ ಮಾತಾಡುತ್ತಿರಲಿಲ್ಲ. ಆಮೇಲೆ ಅಜ್ಜಾರು ನನ್ನ ತವರಿನ ಬಗ್ಗೆ ಕೇಳಿದರು. ಯಾರೂ ಕೇಳದೆ ವರ್ಷಗಳೇ ಆಗಿದ್ದವು. ಅಣ್ಣನ ಮಕ್ಕಳ ಬಗ್ಗೆ, ಈಗ ಅತ್ತಿಗೆ ನನ್ನನ್ನು ಹಬ್ಬಕ್ಕೆ ಕರೆಯದ ಬಗ್ಗೆ ಹೇಳಿದೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. "ಹೌದಾ" ಎಂದರು, ಅಷ್ಟೇ. ಅದೇ ನನಗೆ ಹಿತವಾಗಿತ್ತು.

ಒಂದು ದಿನ ಅವರೇ ಹೇಳಿದರು. "ನಾ ಸಣ್ಣಾಂವ ಇದ್ದಾಗ ನನ್ನ ಮಠಕ್ಕ ಬಿಟ್ರು. ಹಲ್ಲು ಬೀಳೂ ವಯಸ್ಸು. ಪಟ್ಟ ಕಟ್ಟಿದ ಮ್ಯಾಲೆ ನಮ್ಮವ್ವ ನೋಡಾಕ ಬಂದಿದ್ಲು. ಓಡಿ ಹೋಗಿ ತೆಕ್ಕಿ ಬೀಳೂಣಂದ್ರ ಆಕಿ ಎಲ್ಲಾರ ಮುಂದ ಬಗ್ಗಿ ನನ್ನ ಕಾಲ ಮುಟ್ಟಿ ಶರಣ ಮಾಡಿದ್ಲು. ಆಕಿ ಕೈ ತಣ್ಣಗಿತ್ತು. ನಾ ಆಕಿ ಮಗ ಅನ್ನೂದು ಅಲ್ಲಿಗೆ ಮುಗೀತು ನೋಡು. ಮುಂದ ಎಷ್ಟ ಸಲ ಬಂದ್ಲು, ಕಾಲ ಅಷ್ಟ ಮುಟ್ಟಿದ್ಲು."

ನಾನು ಪಟ್ಟಿ ಸುತ್ತುತ್ತಲೇ ಇದ್ದೆ. ಮುಖ ಎತ್ತಿ ನೋಡುವ ಧೈರ್ಯವಾಗಲಿಲ್ಲ. ಇಡೀ ಊರೇ ಸುತ್ತ ಕುಳಿತಿರುವ ಈ ಮನುಷ್ಯನೂ ನನ್ನ ಹಾಗೆಯೇ ಎಂದು ಅನಿಸಿತು. ಹಾಗೆ ಅಂದುಕೊಳ್ಳುವುದು ತಪ್ಪೇನೋ ಎಂದೂ ಅನಿಸಿತು.

ಶ್ರಾವಣ ಹತ್ತಿರ ಬಂದಾಗ ಗುಸುಗುಸು ಇನ್ನೂ ಹೆಚ್ಚಾಯಿತು. ಆ ಅಮಾವಾಸ್ಯೆ ಅಜ್ಜಾರು ಕೋಲೂರಿಕೊಂಡು ಎಲ್ಲರ ಎದುರು ಬಂದರು. ಹಿರಿಯರು "ಬ್ಯಾಡ್ರಿ ಅಜ್ಜಾರ" ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಅಜ್ಜಾರು ಗದ್ದಿಗೆಯ ಮೇಲೆ ಕುಳಿತು ಪಟ್ಟಿ ಕಟ್ಟಿದ ಕಾಲನ್ನು ಮುಂದೆ ಚಾಚಿದರು.

"ನೀವು ಈ ಕಾಲಿಗೆ ಶರಣ ಮಾಡ್ತೀರಿ. ಇದಕ್ಕ ಸಕ್ರಿ ಬ್ಯಾನಿ ಆಗಿ ಒಂದು ಬೆರಳ ಹೋಗೇತಿ. ನನಗ ಯಾರ ಮ್ಯಾಲೂ ಸಿಟ್ಟಿಲ್ಲ. ಗಾಯದ ಕಾಲ ತೊಳದ ನೀರು ನನ್ನ ತಾಯಂದ್ರಿಗೆ ಹೆಂಗ ಕುಡಸ್ಲಿ? ಅದಕ್ಕ ಪಾದಪೂಜಿ ಬಿಟ್ಟೇನಿ. ಆ ದಿವಸ ಬಟ್ಟಲಾ ಕಸಗೊಂಡೆನಲ್ಲ, ಆ ತಂಗಿ ಇಲ್ಲಿದ್ರ ಕೇಳ್ಲಿ. ತಪ್ಪು ಆಕೀದಲ್ಲ."

ಹೆಂಗಸರ ಸಾಲಿನಲ್ಲಿ ಒಬ್ಬಾಕೆ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು.

"ನಿಮ್ಮ ಮನಿಗಿ ಇನ್ನೂ ಬರತೇನಿ. ರೊಟ್ಟಿ, ಪಲ್ಯೆ ಕೊಡ್ರಿ ಸಾಕು. ಈ ನರ್ಸಬಾಯಿ ಮುಂದ ಕುಂತು ನಿಮ್ಮ ಕಾಲನೂ ತೋರಸ್ರಿ. ನನ್ನ ಕಾಲ ನೋಡೂದು ಸಾಕು."

ಅಂದು ಪ್ರಸಾದ ಆರಿಹೋಯಿತು. ನನ್ನ ಮುಂದೆ ಪಾದಗಳೇ ಪಾದಗಳು. ಒಡೆದ ಹಿಮ್ಮಡಿಗಳು, ಕಾಲುಂಗುರ ಒತ್ತಿ ಕಪ್ಪಾದ ಬೆರಳುಗಳು, ಹೊಲದ ಕರಿ ಮಣ್ಣು ಗೀರುಗಳಲ್ಲಿ ಕುಳಿತ ಅಂಗಾಲುಗಳು. ನನ್ನನ್ನು ತೊಟ್ಟಿಲ ಕಾರ್ಯಕ್ಕೆ ಕರೆಯದ ಹೆಂಗಸರು ನನ್ನ ತೊಡೆಯ ಮೇಲೆ ಕಾಲಿಟ್ಟು ಕುಳಿತರು. ಕೆಲವರಲ್ಲಿ ಗೊತ್ತಿಲ್ಲದ ಗಾಯಗಳು ಸಿಕ್ಕವು. ಹಲವರಿಗೆ ಸಕ್ಕರೆ ಕಾಯಿಲೆ ಇರುವುದು ಅಂದೇ ತಿಳಿಯಿತು. ಕಮಿಟಿಯ ಹಿರಿಯರು ಎಲ್ಲರೂ ಹೋಗುವವರೆಗೆ ಕಾದು, ಕೊನೆಯಲ್ಲಿ ಬಂದು, ಚಪ್ಪಲಿ ಬಿಟ್ಟು ಕುಳಿತರು. ಮುಂದಿನ ವಾರ ಮಠದ ಅಡುಗೆಮನೆಗೆ ಪೇಢೆಯ ಬದಲು ಮೆಂತ್ಯೆ ಸೊಪ್ಪಿನ ಹೊರೆಗಳು ಬಂದು ಬಿದ್ದವು. ಅಡುಗೆಯವರು ತಲೆ ಚಚ್ಚಿಕೊಂಡರು.

ಗಾಯ ಮೆಲ್ಲಗೆ ಮಾಯುತ್ತ ಬಂತು. ಕೆಂಪು ಮಾಂಸದ ಮೇಲೆ ತೆಳುವಾದ ಹೊಸ ಚರ್ಮ ಅಂಚಿನಿಂದ ಒಳಗೆ ಸರಿಯುವುದನ್ನು ದಿನಾ ನೋಡುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಡಾಕ್ಟರು ನೋಡಿ, ಇನ್ನು ಪಟ್ಟಿ ಬೇಡ, ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಲಿ ಸಾಕು ಎಂದರು. ನಾನು ಕೊನೆಯ ಸಲ ಕಾಲು ತೊಳೆದು, ಒರೆಸಿ, ನನ್ನ ಡಬ್ಬಿ ಮುಚ್ಚಿದೆ.

"ನಾಳಿಂದ ನಿನಗ ತ್ರಾಸ ತಪ್ಪಿತು, ತಂಗಿ," ಎಂದರು ಅಜ್ಜಾರು.

"ತ್ರಾಸ ಏನಿಲ್ರಿ."

ಹೊರಗೆ ಭಕ್ತರು ಬಂದು ನಿಂತಿದ್ದರು. ನಾನು ನಮಸ್ಕಾರ ಮಾಡಿ ಬಂದೆ.

ಮರುದಿನ ಎಂದಿನ ಹೊತ್ತಿಗೆ ಎಚ್ಚರವಾಯಿತು. ಸ್ನಾನ ಮಾಡಿ, ಚಹಾ ಕುಡಿದು, ಸೀರೆಯ ನಿರಿಗೆ ಸರಿಮಾಡಿಕೊಂಡು ಬಾಗಿಲಲ್ಲಿ ನಿಂತೆ. ಹೋಗುವುದಕ್ಕೆ ಕಾರಣವೇ ಇರಲಿಲ್ಲ. ಮನೆಯ ಯಜಮಾನತಿ ಹಿತ್ತಲಲ್ಲಿ ಎಮ್ಮೆ ಹಿಂಡುತ್ತ ಕೇಳಿದರು:

"ಇವತ್ತ ಮಠಕ್ಕ ಹೋಗಲಿಲ್ಲೇನ್ರಿ ಬಾಯಾರ?"

"ಗಾಯ ಮಾಯ್ತ್ರಿ."

"ಚಲೋ ಆತಲ್ರಿ!"

"ಹೌದ್ರಿ, ಚಲೋ ಆತು."

ಒಳಗೆ ಬಂದು ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದೆ. ಕಣ್ಣಲ್ಲಿ ನೀರು ಬಂದಾಗ ನನ್ನ ಮೇಲೆ ನನಗೇ ಸಿಟ್ಟು ಬಂತು. ರೋಗಿ ವಾಸಿಯಾದನೆಂದು ಅಳುವ ನರ್ಸು ಎಲ್ಲಾದರೂ ಇರುತ್ತಾಳೆಯೇ?

ಅಮಾವಾಸ್ಯೆಯ ಮೇಜು ಮುಂದುವರಿಯಿತು. ಅಜ್ಜಾರು ಎಲ್ಲರಂತೆ ಸಾಲಿನಲ್ಲಿ ಬಂದು ಕೈ ಚಾಚುತ್ತಿದ್ದರು. ನಾನು ಬಿಪಿ ಹೇಳುತ್ತಿದ್ದೆ, ಅವರು "ಹೌದಾ" ಎನ್ನುತ್ತಿದ್ದರು, ಹಿಂದಿನವರು ಮುಂದೆ ಬರುತ್ತಿದ್ದರು. ಒಂದೆರಡು ವರ್ಷದ ಮೇಲೆ ನನಗೆ ರಾಮದುರ್ಗದ ಆಚೆಯ ಒಂದು ಹಳ್ಳಿಗೆ ವರ್ಗವಾಯಿತು. ಹೊರಡುವ ದಿನ ಅಜ್ಜಾರು ಬೇರೆ ಊರಿಗೆ ಪ್ರವಚನಕ್ಕೆ ಹೋಗಿದ್ದರು. ಮಠದ ಅಡುಗೆಯವರು ಬುತ್ತಿ ಕಟ್ಟಿ ಕೊಟ್ಟರು. ಬಸ್ಸಿನಲ್ಲಿ ಬಿಚ್ಚಿದರೆ ಜೋಳದ ರೊಟ್ಟಿ, ಮೆಂತ್ಯೆ ಪಲ್ಯ, ಶೇಂಗಾ ಚಟ್ನಿ. ಸಿಹಿ ಏನೂ ಇರಲಿಲ್ಲ. ಪಕ್ಕದ ಸೀಟು ಖಾಲಿ ಇತ್ತು. ಚೀಲವನ್ನು ಅಲ್ಲಿಟ್ಟು, ಕಿಟಕಿಯ ಕಡೆ ತಿರುಗಿ, ನಿಧಾನವಾಗಿ ಉಂಡೆ.