ಖಡಿ ವ್ಯಾಗನ್ನಿಗೆ ನಾನು ಹಚ್ಚಿದ ತುಕ್ಕು

ಪುಟ್ಟವ್ವಾ, ಗುಂಡ್ಯಾ,

ಹೋದ ವಾರ ಮುಧೋಳದ ಶಾಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ಐದು ಪುಟ್ಟ ವ್ಯಾಗನ್ನುಗಳನ್ನು ನೀವಿಬ್ಬರೂ ನೋಡಿದಿರಿ. ಅಲ್ಲಿಯ ಮಾಸ್ತರರು "ಇವನ್ನೆಲ್ಲಾ ನಿಮ್ಮ ಮುತ್ಯಾ ಮಾಡ್ಯಾರ" ಎಂದು ಹೇಳಿದಾಗ, ಪುಟ್ಟವ್ವ, ನೀನು ನನ್ನ ಸೆರಗು ಜಗ್ಗಿ, "ಆಯಿ, ಈ ಜಂಗ ಖರೇದೇನ?" ಎಂದು ಕೇಳಿದೆ. ನಾನು "ಹೂಂ" ಎಂದು ಸುಮ್ಮನಾದೆ. ನಾಲ್ಕು ಜನರ ಮುಂದೆ ಮಾತಾಡಲು ನನಗೆ ಮೊದಲಿನಿಂದಲೂ ಬಾರದು. ನೀನು ಜಂಗ ಎಂದ ಆ ತುಕ್ಕು ಖರೆಯದೇ. ಆದರೆ ಅದನ್ನು ಹಚ್ಚಿದವಳು ನಾನು. ಅದನ್ನು ಹಚ್ಚುತ್ತ ನಾನು ಎಂಟು ತಿಂಗಳು ಅಂಜಿಕೆಯಲ್ಲಿ ಕಳೆದೆ. ಅದನ್ನು ಬರೆದಿಡುತ್ತೇನೆ. ಚಿಮ್ಮಡದ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಕೈ ಇದು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿರಿ.

ನಿಮ್ಮ ಮುತ್ಯಾ, ನನ್ನ ಯಜಮಾನರು, ರಬಕವಿಯ ನೇಕಾರರ ಮನೆಯವರು. ಮಗ್ಗ ಬಿಟ್ಟು ರೇಲ್ವೆಗೆ ಸೇರಿ, ಹುಬ್ಬಳ್ಳಿಯ ಕಡೆ ಹಳಿ ಕಾಯುವ ಗ್ಯಾಂಗಿನಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ದುಡಿದರು. ಅವರಿಗೆ ಜನ ಕೂತು ಹೋಗುವ ಗಾಡಿಯ ಮೇಲೆ ಅಷ್ಟು ಪ್ರೀತಿ ಇರಲಿಲ್ಲ. ಹಳಿ ಹಾಸಲು, ರಿಪೇರಿ ಮಾಡಲು ಬರುತ್ತಿದ್ದ ಗಾಡಿಗಳೆಂದರೆ ಪ್ರಾಣ. ಹಳಿಯ ಕೆಳಗೆ ಹಾಸುವ ಜಲ್ಲಿಕಲ್ಲು, ಅಂದರೆ ಖಡಿ ತರುವ ವ್ಯಾಗನ್, ಹಳಿ ಹೇರುವ ಉದ್ದನೆಯ ವ್ಯಾಗನ್, ಕ್ರೇನು, ಸಾಮಾನಿನ ಡಬ್ಬಿ, ಕೊನೆಗೆ ಗಾರ್ಡನ ಡಬ್ಬಿ. ನಿವೃತ್ತರಾಗಿ ರಬಕವಿಗೆ ಬಂದ ಮೇಲೆ ಮಾವನವರ ಮಗ್ಗದ ಕೋಣೆಯಲ್ಲಿ ಮೇಜು ಹಾಕಿಕೊಂಡು ಅವನ್ನೇ ಗೇಣುದ್ದ ಮಾಡಿ ಕಟ್ಟತೊಡಗಿದರು. ಸೀರೆ ಡಬ್ಬಿಯ ದಪ್ಪ ರಟ್ಟು, ಎಣ್ಣೆ ಡಬ್ಬಿಯ ತಗಡು, ಸೈಕಲ್ಲಿನ ಕಡ್ಡಿ, ಹಳೆಯ ಬಾಬಿನ್ನುಗಳ ತುದಿ ಕೊಯ್ದು ಮಾಡಿದ ಗಾಲಿ. ಖಡಿ ವ್ಯಾಗನ್ನಿನ ಹೊಟ್ಟೆಯ ಕೆಳಗಿನ ಬಾಗಿಲುಗಳು ತಂತಿ ಎಳೆದರೆ ತೆರೆಯುತ್ತಿದ್ದವು. ಒಳಗೆ ಹಾಕಿದ ಸಾಸಿವೆ ಸುರ್ ಎಂದು ಹಳಿಯ ಮೇಲೆ ಸುರಿಯುತ್ತಿತ್ತು. ನಿಮಗೆ ಅದೇ ಆಟ.

ಬೀಳಗಿಯ ಕಡೆಯ ಒಬ್ಬ ಸಾಹೇಬರು ಒಮ್ಮೆ ಬಂದರು. ಇವರ ಮೇಲಧಿಕಾರಿಯಾಗಿದ್ದವರು, ಅವರೂ ನಿವೃತ್ತರು. ಹೊಸ ಲೈನು ನಮ್ಮ ಸೀಮೆಗೆ ಬರುತ್ತಿದೆ, ಹಳಿ ಹೇಗೆ ಹಾಸುತ್ತಾರೆಂದು ಮುಧೋಳದ ಮಕ್ಕಳು ನೋಡಲಿ, ಒಂದು ಪೂರ್ತಿ ಗಾಡಿ ಮಾಡಿಕೊಡು ಎಂದರು.

"ಆದರ ಹೊಸಾವ ಬ್ಯಾಡಪಾ. ಮದಲಗಿತ್ತಿ ಹಂಗ ಕಾಣಬಾರದು. ದುಡದ ದುಡದ ದಣಿದಂಗ ಕಾಣಬೇಕು."

"ನನ್ನಂಗ ಅನ್ರಿ ಸಾಹೇಬ್ರ" ಎಂದು ಇವರು ನಕ್ಕರು.

ಹೊಸ ಬಣ್ಣವನ್ನು ಹಳತು ಮಾಡುವ ಆ ಕೆಲಸಕ್ಕೆ ನಿಮ್ಮ ಮುತ್ಯಾ "ಬಿಸಲ ಮಳಿ ಹಚ್ಚೋದು" ಎನ್ನುತ್ತಿದ್ದರು. ಮೊಳೆಗಳನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಒಣಗಿಸಿ, ಕೆರೆದು ತುಕ್ಕಿನ ಪುಡಿ ಮಾಡುತ್ತಿದ್ದರು. ಕಬ್ಬು ನುರಿಸುವ ಕಾಲದಲ್ಲಿ ಸಕ್ಕರೆ ಫ್ಯಾಕ್ಟರಿಯಿರುವ ಸಮೀರವಾಡಿಯಲ್ಲಿ ನಂಟರ ಮನೆಯ ಮಾಳಿಗೆಯ ಮೇಲೆ ಬೀಳುವ ಕರಿ ಬೂದಿ ಒಂದು ಪೊಟ್ಟಣ. ಖಡಿಯ ಬಿಳಿ ಧೂಳು ಒಂದು ಪೊಟ್ಟಣ. ವಾರ್ನಿಶ್ ತೆಳ್ಳಗೆ ಬಳಿದು, ಅದು ಆರುವ ಮೊದಲು ಕುಂಚದಿಂದ ಪುಡಿ ಉದುರಿಸಬೇಕು. ನಾನು ಚಹಾ ಕೊಡಲು ಹೋದಾಗ ತೋರಿಸುತ್ತಿದ್ದರು. "ಜಂಗ ಎಲ್ಲಿ ಬೇಕಾದಲ್ಲಿ ಬರೂದಿಲ್ಲ, ನೋಡ. ನೀರ ಇಳದ ಹಾದೀಲೇ ಇಳೀತೈತಿ. ಬಾಗಲದ ತುಟಿ ಮಾತ್ರ ಹೊಳೀಬೇಕು, ಖಡಿ ಉಜ್ಜಿ ಉಜ್ಜಿ." ಆ ಹೊಳಪಿಗೆ ಪೆನ್ಸಿಲ್ಲಿನ ಸೀಸ ತಿಕ್ಕುತ್ತಿದ್ದರು.

ದೀಪಾವಳಿಯ ಮರುದಿನ ಅವರು ಮೊದಲು ಖಡಿ ವ್ಯಾಗನ್ನಿಗೆ ತುಕ್ಕು ಹಚ್ಚಿ ಬಿಸಿಲಿಗಿಟ್ಟಿದ್ದರು. ನಾನು ಅಂಗಳ ಗುಡಿಸುವಾಗ ನೋಡಿದೆ. ಬಲಬದಿ ಛಲೋ ಇತ್ತು. ಎಡಬದಿಯಲ್ಲಿ ಎರಡು ಬೆರಳಗಲ ಜಾಗಕ್ಕೆ ಏನೂ ತಾಗಿರಲಿಲ್ಲ, ಅದರ ಪಕ್ಕದಲ್ಲಿ ತುಕ್ಕು ಕೆಳಗಿನಿಂದ ಮೇಲಕ್ಕೆ ಹತ್ತಿತ್ತು. ಕೆಲಸ ಇನ್ನೂ ಮುಗಿದಿಲ್ಲವೇನೋ ಎಂದುಕೊಂಡೆ. ಅಷ್ಟರಲ್ಲಿ ಅವರು ಬಂದು ಅದನ್ನು ಎತ್ತಿ, ಮುಖದ ಹತ್ತಿರ ಹಿಡಿದು, "ಇದೊಂದ ಮುಗೀತು" ಎಂದರು.

ಕಸಬರಿಗೆ ಅಲ್ಲೇ ಬಿಟ್ಟು ನಾನು ಅವರ ಕಣ್ಣನ್ನೇ ನೋಡಿದೆ.

ಯಾಕೆಂದರೆ ಆ ಮನೆಯಲ್ಲಿ ಇದನ್ನು ನಾನು ಮೊದಲೇ ಕಂಡಿದ್ದೆ. ಅವರ ಅಣ್ಣನಿಗೂ ಸಕ್ಕರೆ ಕಾಯಿಲೆ ಇತ್ತು. ಕಣ್ಣು ಪೂರ್ತಿ ಮಂಜಾದ ಮೇಲೆ ದವಾಖಾನೆಗೆ ಹೋದರು, ಆಪರೇಶನ್ ಆಯಿತು, ಉಳಿದದ್ದೂ ಹೋಯಿತು. ಆಮೇಲೆ ಹತ್ತು ವರ್ಷ ಪಡಸಾಲೆಯಲ್ಲಿ ಕುಳಿತು, ನಡೆದು ಬಂದವರ ಸಪ್ಪಳದ ಮೇಲೆ ಹೆಸರು ಹಿಡಿಯುತ್ತಿದ್ದರು. ಆಪರೇಶನ್ನೇ ಅಣ್ಣನ ಕಣ್ಣು ತಿಂದಿತು ಎಂಬುದು ನಿಮ್ಮ ಮುತ್ಯಾನ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಅವರಿಗೂ ಅದೇ ಕಾಯಿಲೆ. ಗುಳಿಗೆ ತಪ್ಪಿಸುತ್ತಿರಲಿಲ್ಲ, ಆದರೆ ಕಣ್ಣಿನ ಡಾಕ್ಟರ ಹೆಸರು ಎತ್ತುವಂತಿರಲಿಲ್ಲ.

ನಾನು ಎತ್ತಿದೆ, ಒಂದೇ ಸಲ. "ರೀ, ಜಮಖಂಡಿಗೆ ಹೋಗಿ ಒಮ್ಮಿ ಕಣ್ಣ ತೋರ್ಸಿ ಬರೂನೇನ್ರಿ?"

"ಯಾಕ, ನಿನಗ ಕಾಣವಲ್ದೇನ?" ಎಂದರು. ದನಿ ಎಷ್ಟು ಬಿರುಸಾಗಿತ್ತೆಂದರೆ ಕೈಯಲ್ಲಿದ್ದ ತಾಟು ಕೆಳಗಿಟ್ಟು ಒಳಗೆ ಹೋದೆ. ಮತ್ತೆ ಕೇಳಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಜಗಳವಾಡುತ್ತಿದ್ದರು. ಮಗಳಿಗೆ ಹೇಳುತ್ತಿದ್ದರು. ನಾನು ಮಾಡಿದ್ದು ಬೇರೆ. ಅವತ್ತು ಊಟವಾಗಿ ಅವರು ಮಲಗಿದ ಮೇಲೆ ಮಗ್ಗದ ಕೋಣೆಗೆ ಹೋಗಿ, ಆ ಎರಡು ಬೆರಳಗಲ ಜಾಗಕ್ಕೆ ತುಕ್ಕು ಹಚ್ಚಿದೆ. ಸಾಹೇಬರು ಆ ಬದಿ ನೋಡಿ ಏನಾದರೂ ಅಂದರೆ ಇವರ ಮುಖ ಏನಾಗಬಹುದು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಅದು ರೂಢಿಯಾಯಿತು. ಅವರು ಬೆಳಿಗ್ಗೆ ಹಚ್ಚುವುದು, ನಾನು ಮಧ್ಯಾಹ್ನ ತಿದ್ದುವುದು. ಕುಂಚ ಹಿಡಿದಾಗ ಕಿವಿಯೆಲ್ಲ ಒಳಗಿನ ಮಂಚದ ಕಡೆಗೇ. ಮಂಚ ಕಿರ್ರೆಂದರೆ ಕುಂಚ ಕೆಳಗಿಡುತ್ತಿದ್ದೆ. ಗಾರ್ಡನ ಡಬ್ಬಿಯ ಕಿಟಕಿಯ ಮೇಲೆ ಅವರು ಗೊತ್ತಾಗದೆ ಬಳಿದ ಕರಿಯನ್ನು ಕೆರೆದು ತೆಗೆಯುವಾಗ ಒಮ್ಮೆ ಕೆಮ್ಮಿದರು. ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲ ಹಿಂದೆ ನಿಂತೆ, ಅವರು ಮಗ್ಗುಲು ಬದಲಿಸಿ ಮತ್ತೆ ಗೊರಕೆ ಹೊಡೆಯುವವರೆಗೆ.

ವಾರ್ನಿಶ್ ಬಳಸಿದರೆ ವಾಸನೆಗೆ ಸಿಕ್ಕಿಬೀಳುತ್ತೇನೆಂಬ ಹೆದರಿಕೆ. ಆದ್ದರಿಂದ ನನಗೆ ಗೊತ್ತಿದ್ದ ಅಂಟನ್ನು ಹಿಡಿದೆ. ನೇಕಾರರ ಮನೆಗೆ ಸೊಸೆಯಾಗಿ ಬಂದವಳು ನಾನು. ನೂಲಿಗೆ ಹಾಕುವ ಗಂಜಿ ಕಾಯಿಸುವುದನ್ನು ಅತ್ತೆ ಕಲಿಸಿದ್ದರು. ಮೈದಾ ಹಿಟ್ಟನ್ನು ತೆಳ್ಳಗೆ ಕಾಯಿಸಿ, ಆ ಗಂಜಿಯ ಮೇಲೆ ಪುಡಿ ಉದುರಿಸಿದರೆ ಒಣಗಿ ಗಟ್ಟಿಯಾಗಿ ಕೂರುತ್ತಿತ್ತು. ಗಂಜಿಗೆ ಚಿಟಿಕೆ ಮೈಲುತುತ್ತ ಹಾಕಬೇಕು, ಹುಳ ಹುಪ್ಪಡಿ ಮುಟ್ಟದಂತೆ. ಅದು ವಿಷ. ಗುಂಡ್ಯಾ, ನಿನಗಾಗ ಎರಡೂವರೆ ವರ್ಷ. ನಿಮ್ಮವ್ವ ನೌಕರಿಗೆ ಹೋಗುವಾಗ ನಿಮ್ಮಿಬ್ಬರನ್ನೂ ನಮ್ಮಲ್ಲಿ ಬಿಡುತ್ತಿದ್ದಳು, ಸಿಕ್ಕಿದ್ದೆಲ್ಲ ನಿನ್ನ ಬಾಯಿಗೆ. ಮೈಲುತುತ್ತ ಬಿಟ್ಟೇ ಗಂಜಿ ಕಾಯಿಸಿದೆ.

ಬರಬರುತ್ತ ನನ್ನ ಕೈ ಕುದುರಿತು. ಅಂಜಿಕೆ ಮಾತ್ರ ಬೇರೆ ಕಡೆಯಿಂದ ಬೆಳೆಯಿತು. ಸಂಕ್ರಾಂತಿಯ ಹೊತ್ತಿಗೆ ಸಾಹೇಬರು ಬಂದು, ಆಗಿದ್ದ ಮೂರು ವ್ಯಾಗನ್ನುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಏನ ಕಣ್ಣೋ ಮಾರಾಯಾ ನಿನ್ನೂವು! ನನ್ನ ಚಾಳೀಸ ಕಣ್ಣಿಗೆ ಹಾಕ್ಕೊಂಡರೂ ಇಷ್ಟ ಸಣ್ಣ ಕೆಲಸ ಆಗೂದಿಲ್ಲ" ಎಂದರು. ಇವರ ಮುಖ ಅರಳಿತು. ಅದೇ ವಾರ ನಿಮ್ಮವ್ವನಿಗೆ ಹೇಗೋ ಸಂಶಯ ಬಂದು, "ಅಪ್ಪಾ, ಹಾದ್ಯಾಗ ಎಡವಾಕತ್ತೀಯಲ್ಲ, ಕಣ್ಣ ತೋರ್ಸೂನು ನಡಿ" ಎಂದಳು.

ಇವರು ಖಡಿ ವ್ಯಾಗನ್ನನ್ನು ಅವಳ ಕೈಗಿಟ್ಟರು. "ನೋಡ್ವಾ. ಕಣ್ಣ ಹೋದಂವ ಇದನ್ನ ಮಾಡತಾನೇನ?"

ಅವಳು ತಿರುಗಿಸಿ ತಿರುಗಿಸಿ ನೋಡಿದಳು. "ಖರೆ ಐತಿ ಬಿಡಪಾ" ಎಂದು ನಕ್ಕು, ನಿಮ್ಮನ್ನು ಕರೆದುಕೊಂಡು ಹೋದಳು. ಅವಳು ನೋಡಿದ್ದು ಎಡಬದಿ. ನಾನು ಹಚ್ಚಿದ ಬದಿ.

ಆಗ ನಾನು ಹೇಳಬೇಕಿತ್ತು. ಬಾಗಿಲವರೆಗೆ ಅವಳ ಹಿಂದೆ ಹೋದೆ, ಚಪ್ಪಲಿ ಮೆಟ್ಟುವವರೆಗೆ ನಿಂತೆ, "ಹುಶಾರ್ ಹೋಗ" ಎಂದಷ್ಟೇ ಹೇಳಿ ಬಂದೆ. ಹೇಳಿದರೆ ಅವರ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಕಣ್ಣು ಹೋಗುತ್ತದೆ ಎಂದು ಗೊತ್ತಿತ್ತು. ಗೊತ್ತಿದ್ದೂ ದಿನಕ್ಕೊಂದು ನೆವ ಹುಡುಕಿದೆ. ಐದೂ ಮುಗಿಯಲಿ, ಮುಧೋಳಕ್ಕೆ ಕಳಿಸಿದ ಮೇಲೆ ಹೇಳೋಣ. ಅಷ್ಟರಲ್ಲಿ ಅವರು ಚಹಾದ ಬಟ್ಟಲನ್ನು ಬೆರಳಿನಿಂದ ಹುಡುಕತೊಡಗಿದ್ದರು. ನಾನು ಬಟ್ಟಲನ್ನು ಅವರ ಕೈ ಬರುವ ಕಡೆ ಸರಿಸಿಡುತ್ತಿದ್ದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಐದೂ ಮುಗಿದವು. ಸಾಲೆ ತೆರೆಯುವವರೆಗೆ ಇರಲೆಂದು ಸೀರೆ ಡಬ್ಬಿಗಳಲ್ಲಿ ಹಾಕಿ ಕಪಾಟಿನ ಕೆಳಗೆ ಇಟ್ಟೆವು. ಹದಿನೈದು ದಿನ ಬಿಟ್ಟು, ಸಾಹೇಬರು ಒಯ್ಯಲು ಬರುವ ಹಿಂದಿನ ದಿನ, ಅವರೇ ಡಬ್ಬಿ ತೆಗೆದರು. ನಾನು ಎದುರಿಗೇ ಇದ್ದೆ. ಮುಚ್ಚಳ ಎತ್ತುತ್ತಲೇ ಎರಡು ಜಿರಳೆ ಸರಸರನೆ ಹೊರಗೆ ಓಡಿದವು. ಒಳಗಿನ ಖಡಿ ವ್ಯಾಗನ್ನಿನ ಎಡಬದಿಯನ್ನು ನೋಡಿದೆ. ನಾಲಿಗೆಯಿಂದ ನೆಕ್ಕಿದ ಹಾಗೆ ತುಕ್ಕೆಲ್ಲ ಹೋಗಿ, ಹೊಸ ಬಣ್ಣ ಬೋಳಾಗಿ ಹೊಳೆಯುತ್ತಿತ್ತು. ವಾರ್ನಿಶ್ಶಿನ ಮೇಲೆ ಅವರು ಹಚ್ಚಿದ್ದು ಇದ್ದಲ್ಲೇ ಇತ್ತು. ಗಂಜಿಯ ಮೇಲೆ ನಾನು ಹಚ್ಚಿದ್ದಷ್ಟೇ ಹೋಗಿತ್ತು.

ಅವರಿಗೆ ಅದು ಕಾಣಿಸಲಿಲ್ಲ. ಆದರೆ ಹೆಬ್ಬೆರಳು ಆ ಬದಿಯ ಮೇಲೆ ಹೋಯಿತು, ನಿಂತಿತು, ಹಿಂದೆ ಬಂತು. ಉಗುರಿನಿಂದ ಅಂಚು ಕೆರೆದು ಮೂಗಿಗೆ ಹಿಡಿದರು.

"ಇದು ಗಂಜಿ."

ನಾನು ಡಬ್ಬಿಯ ಮುಚ್ಚಳ ಹಾಕಲು ಹೋದೆ.

"ನಾ ಗಂಜಿ ಹಚ್ಚೂದಿಲ್ಲ. ಮೈಲುತುತ್ತ ಹಾಕಿಲ್ಲೇನ ಇದಕ್ಕ?"

"ಹುಡುಗ ಬಾಯಾಗ ಇಟಗೋತಾನ್ರಿ" ಎಂದೆ. ಅಷ್ಟು ಹೇಳಿದ ಮೇಲೆ ಇನ್ನೇನು ಉಳಿಯಿತು? ಅವರು ನೇಕಾರರ ಮಗ, ಒಂದೇ ಮಾತಿಗೆ ಎಲ್ಲ ತಿಳಿಯಿತು. ವ್ಯಾಗನ್ನನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು. ಮೇಜಿನ ಅಂಚು ಎಲ್ಲಿದೆ ಎಂದು ಮೊದಲು ಇನ್ನೊಂದು ಕೈಯಿಂದ ನೋಡಿಕೊಂಡು, ಆಮೇಲೆ ಇಟ್ಟರು. ಕಣ್ಣು ಕಾಣದ್ದನ್ನು ನನ್ನೆದುರು ಮುಚ್ಚಿಡದೆ ಹೀಗೆ ಮಾಡಿದ್ದು ಅವತ್ತೇ ಮೊದಲು.

"ಎಷ್ಟಕ್ಕ ಹಚ್ಚೀದಿ?"

"ಐದಕ್ಕೂ."

ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈಯದಿದ್ದಾಗ ಇನ್ನಷ್ಟು ಹೆದರಿದೆ. ಕೊನೆಗೆ, "ಸಾಹೇಬ್ರಿಗೆ ನಾಳಿಗೆ ಬ್ಯಾಡ ಅಂತ ಹೇಳ. ನಾಳಿ ನಾವು ಜಮಖಂಡಿಗೆ ಹೋಗೂನು" ಎಂದರು.

ಜಮಖಂಡಿಯ ಕಣ್ಣಿನ ಡಾಕ್ಟರು ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಕೂರಿಸಿ ನೋಡಿದರು. "ಯಾವಾಗಿಂದ ಕಡಿಮಿ ಕಾಣಾಕತ್ತೈತ್ರಿ ಅಜ್ಜಾರ?" ಎಂದು ಕೇಳಿದರು.

ನಿಮ್ಮ ಮುತ್ಯಾ ನನ್ನ ಕಡೆ ಮುಖ ತಿರುಗಿಸಿದರು. "ಅಕೀನ್ನ ಕೇಳ್ರಿ. ನನಗಿಂತ ಮೊದಲ ಅಕಿಗೆ ಗೊತ್ತಾಗೇತಿ."

ಪರಕೀಯರ ಮುಂದೆ ಬಾಯಿ ತೆರೆಯದ ನಾನು ಹೇಳಲೇಬೇಕಾಯಿತು. "ದೀಪಾವಳಿಯಿಂದ್ರಿ."

ಡಾಕ್ಟರು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. "ಆಗ ಬಂದಿದ್ರ..." ಎಂದು ಅಷ್ಟಕ್ಕೇ ನಿಲ್ಲಿಸಿ, ಚೀಟಿ ಬರೆಯತೊಡಗಿದರು. ಎಡಗಣ್ಣು ಹೋದ ಹಾಗೆಯೇ. ಬಲಗಣ್ಣಿಗೆ ಲೇಸರ್ ಮಾಡಿ ಇದ್ದಷ್ಟನ್ನು ಹಿಡಿದು ನಿಲ್ಲಿಸಬಹುದು ಎಂದರು. ನಿಲ್ಲಿಸಿದರು ಕೂಡ. ಅವರು ಅರ್ಧಕ್ಕೆ ಬಿಟ್ಟ ಆ ಮಾತನ್ನು ನಾನು ಎಷ್ಟು ಸಲ ಪೂರ್ತಿ ಮಾಡಿದ್ದೇನೋ ಲೆಕ್ಕವಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ನಿಮ್ಮ ಮುತ್ಯಾ, ಬನಹಟ್ಟಿ ದಾಟಿದ ಮೇಲೆ, "ಗಾರ್ಡನ ಡಬ್ಬಿ ಕಿಟಕಿಗೂ ನಾ ಕರಿ ಬಳದಿರಬೇಕು. ಅದನ್ನೂ ನೀನ ತಗದಿ?" ಎಂದರು. "ಹೂಂರಿ" ಎಂದೆ. "ಛಲೋ ಆತು. ಗಾರ್ಡ್ ಹೊರಗ ನೋಡಬೇಕಲ್ಲ" ಎಂದರು. ಅದು ಸಿಟ್ಟೋ ಚೇಷ್ಟೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಆಮೇಲೆ ಐದೂ ವ್ಯಾಗನ್ನುಗಳ ಎಡಬದಿಯನ್ನು ಮತ್ತೆ ಮಾಡಿದೆವು. ಹಗಲಿನಲ್ಲಿ, ಬಾಗಿಲು ತೆರೆದಿಟ್ಟು, ವಾರ್ನಿಶ್ ಹಚ್ಚಿ. ಅವರು ಹೇಳುವುದು, ನಾನು ಹಚ್ಚುವುದು. "ಕೆಳಗ ಇಳಸ, ಕೆಳಗ. ನೀರ ಯಾವಾಗರೆ ಮ್ಯಾಲ ಹತ್ತತೈತೇನ?" ಎಂದು ಬೈಸಿಕೊಂಡೆ. ಸಾಹೇಬರಿಗೆ ಅವರೇ ಹೇಳಿದರು, ಅರ್ಧ ಕೆಲಸ ನನ್ನದೆಂದು. ಸಾಹೇಬರು ನಂಬಲಿಲ್ಲವೇನೋ, ಶಾಲೆಯಲ್ಲಿ ಒಬ್ಬರ ಹೆಸರೇ ಉಳಿಯಿತು. ಅದಕ್ಕೆ ನನಗೆ ಬೇಸರವಿಲ್ಲ. ಎರಡು ವರ್ಷದ ಮೇಲೆ ನಿಮ್ಮ ಮುತ್ಯಾ ಎದೆನೋವಿನಿಂದ ತೀರಿಕೊಂಡರು. ಕೊನೆಯ ದಿನದವರೆಗೂ ಬಲಗಣ್ಣಿನಿಂದ ನಿಮ್ಮ ಮುಖ ಕಂಡರು.

ಇದನ್ನೆಲ್ಲ ಈಗ ಬರೆಯಲು ಕಾರಣ ಇದೆ. ಹೋದ ತಿಂಗಳು ನಿಮ್ಮವ್ವ ಗುಂಡ್ಯಾನ ಅಂಗಿಗೆ ಗುಂಡಿ ಹಚ್ಚಲು ಕುಳಿತಿದ್ದಳು. ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ತಪ್ಪಿದಳು. ನಾನು ಏನೂ ಅನ್ನದೆ ಅವಳ ಕೈಯಿಂದ ಸೂಜಿ ತೆಗೆದುಕೊಂಡು ಪೋಣಿಸಿ ಕೊಟ್ಟೆ. ಕೊಟ್ಟ ಮೇಲೆ ನಾನು ಮಾಡಿದ್ದು ಏನೆಂದು ಹೊಳೆಯಿತು. ಅವಳಿಗೂ ಸಕ್ಕರೆ ಕಾಯಿಲೆ ಎಂದು ವರ್ಷದ ಹಿಂದೆ ಗೊತ್ತಾಗಿದೆ. ಈ ಸಲ ಎಂಟು ತಿಂಗಳು ಕಾಯಲಿಲ್ಲ. ನಿನ್ನೆ ಬಾಯಿಬಿಟ್ಟು ಹೇಳಿದೆ.

"ಯವ್ವಾ, ನಿಂದೊಂದ ಅಂಜಿಕಿ. ಲೈಟ ಕಡಿಮಿ ಇತ್ತ" ಎಂದು ನಕ್ಕಳು.

"ಲೈಟ ಕಡಿಮಿ ಇರಲಿಲ್ಲ. ಸೋಮವಾರ ಜಮಖಂಡಿಗೆ ನಡಿ" ಎಂದೆ. ನನ್ನ ದನಿ ಕೇಳಿ ಅವಳ ನಗೆ ನಿಂತಿತು. ಬರುತ್ತೇನೆ ಎಂದಿದ್ದಾಳೆ. ಸೋಮವಾರಕ್ಕೆ ಇನ್ನೂ ನಾಲ್ಕು ದಿನ. ನನಗೆ ಊಟ ಸೇರುತ್ತಿಲ್ಲ.

ಮಕ್ಕಳೇ, ಈ ಹಾಳೆಗಳನ್ನು ನಿಮ್ಮವ್ವನ ದವಾಖಾನೆ ಚೀಟಿಗಳ ಫೈಲಿನಲ್ಲೇ ಇಡಿರಿ, ಬೇರೆ ಎಲ್ಲೂ ಬೇಡ. ಮನೆ ಬದಲಾದರೂ ಆ ಫೈಲು ಕಳೆಯಬೇಡಿರಿ. ನಾನಿಲ್ಲದ ಕಾಲಕ್ಕೆ ಯಾವ ಡಾಕ್ಟರಾದರೂ "ಮನ್ಯಾಗ ಯಾರಿಗರೆ ಹಿಂಗಾಗಿತ್ತೇನ?" ಎಂದು ಕೇಳಿದರೆ, ಇದನ್ನು ತೆಗೆದು ಗಟ್ಟಿಯಾಗಿ ಓದಿ ಹೇಳಿರಿ.