ನೀಲಿ ಟ್ಯೂಬು

ಹೊರಗೆ ಕೂತು ಎಣ್ಣೆ ಬಣ್ಣದಲ್ಲಿ ಚಿತ್ರ ಬರೆಯುವಾಗ ನಾನು ನಾಲ್ಕೇ ಟ್ಯೂಬು ಒಯ್ಯುತ್ತೇನೆ. ಬಿಳಿ, ಕಪ್ಪು, ಕೆಂಪು, ಮಣ್ಣಿನ ಹಳದಿ. ಬಸ್ಸಿನಲ್ಲಿ ಚೀಲ ಹಗುರವಿರಲಿ ಎಂದು ಶುರುವಾದದ್ದು, ಆಮೇಲೆ ಅಭ್ಯಾಸವಾಯಿತು. ಕಪ್ಪಿಗೆ ಹಳದಿ ಸೇರಿಸಿದರೆ ಕಾಫಿ ಗಿಡದ ಮಂಕು ಹಸಿರು ಬರುತ್ತದೆ. ಕಪ್ಪು ಬಿಳಿ ಬೆರೆಸಿ ಪಕ್ಕದಲ್ಲಿ ಕೆಂಪು ಇಟ್ಟರೆ ಆ ಬೂದು ಬಣ್ಣವೇ ಸುಮಾರಾಗಿ ನೀಲಿಯಂತೆ ಕಾಣುತ್ತದೆ.

ಸಕಲೇಶಪುರದ ಶಾಲೆಯೊಂದರಲ್ಲಿ ನಾನು ಡ್ರಾಯಿಂಗ್ ಟೀಚರ್. ರಜೆ ಸಿಕ್ಕರೆ ಯಸಳೂರಿನ ಬಸ್ಸು ಹತ್ತಿ ದೊಡ್ಡಮ್ಮನ ಮನೆಗೆ ಹೋಗುತ್ತೇನೆ. ಅವರು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ನಿಂತರೆ ಎದುರಿಗೊಂದು ಬೋಳು ಗುಡ್ಡ, ಅದರ ಹಿಂದೆ ಘಟ್ಟದ ಸಾಲು.

ಒಂದು ಚಳಿಗಾಲ ಅದನ್ನೇ ಬರೆಯುತ್ತಿದ್ದಾಗ ದೊಡ್ಡಮ್ಮ ನನ್ನ ಬೋರ್ಡಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದರು.

"ಸರಿಯಾಗೈತೆ ಕಣೇ. ನಂಗೂ ಹಿಂಗೇ ಕಾಣ್ತದೆ."

ನನ್ನ ಚಿತ್ರವನ್ನು ಅವರು ಎಂದೂ ಹೊಗಳಿದವರಲ್ಲ. ಖುಷಿಯಾಗಿ, ಒಣಗಿದ ಮೇಲೆ ಅದನ್ನು ಅವರಿಗೇ ಕೊಟ್ಟೆ. ಅವರ ಸೊಸೆ ನಡುಮನೆಯ ಗೋಡೆಗೆ ತೂಗುಹಾಕಿದಳು.

ಕೆಲವು ವಾರದ ನಂತರ, ಅತ್ತೆ ಲೋಟ ಹಿಡಿಯಲು ಹೋಗಿ ಬರೀ ಗಾಳಿ ಹಿಡಿಯುವುದನ್ನು ಆ ಸೊಸೆಯೇ ಗಮನಿಸಿದಳು. ಹಾಸನಕ್ಕೆ ಕರೆದೊಯ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಾದ ಮೇಲೊಂದು ಆಪರೇಷನ್ ಆಯಿತು.

ಕಪ್ಪು ಕನ್ನಡಕ ತೆಗೆದ ಮೇಲೆ ನೋಡಲು ಹೋದೆ. ದೊಡ್ಡಮ್ಮ ನಡುಮನೆಯ ಗೋಡೆಯ ಮೇಲಿನ ಚಿತ್ರವನ್ನೇ ದಿಟ್ಟಿಸುತ್ತಿದ್ದರು.

"ಏನೇ ಇದು, ಗುಡ್ಡಕ್ಕೆ ಸೀಗೆಪುಡಿ ಬಳಿದಂಗೈತೆ?"

"ಅವತ್ತು ಸರಿಯಾಗೈತೆ ಅಂದಿದ್ರಲ್ಲ ದೊಡ್ಡಮ್ಮ?"

"ಅವತ್ತು ನಂಗೆ ಕಣ್ಣೆಲ್ಲಿತ್ತು!"

ಸೊಸೆ ನಕ್ಕಳು. ನನಗೆ ನಗು ಬರಲು ಸ್ವಲ್ಪ ಹೊತ್ತು ಬೇಕಾಯಿತು. ಪೊರೆ ಬೆಳೆದ ಕಣ್ಣಿಗೆ ಎಲ್ಲವೂ ಹಳದಿಗೆ ತಿರುಗಿ, ನೀಲಿ ಸರಿಯಾಗಿ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ನೀಲಿಯಿಲ್ಲದ ಬಣ್ಣಗಳಲ್ಲಿ ನಾನು ಹಿಡಿದೆ ಎಂದುಕೊಂಡಿದ್ದ ಬೆಳಕು ಅವರ ಪೊರೆಯ ಬಣ್ಣಕ್ಕೆ ಹೊಂದಿತ್ತು, ಅಷ್ಟೇ.

ದೊಡ್ಡಮ್ಮ ನನ್ನ ಕೈ ಹಿಡಿದು ಕಣಕ್ಕೆ ಎಳೆದುಕೊಂಡು ಹೋದರು.

"ಆ ಹಿಂದಿನ ಸಾಲು ನೋಡು. ಮೈಲುತುತ್ತ ಕದಡಿದ ನೀರು ನೋಡಿದಂಗೆ ಆಯ್ತದೆ."

ಕಾಫಿಗೆ ಹೊಡೆಯುವ ಆ ಔಷಧಿಯ ನೀಲಿ ಅಲ್ಲಿ ನಿಜವಾಗಿ ಇತ್ತು. ಸಕಲೇಶಪುರಕ್ಕೆ ಮರಳಿ ಒಂದು ನೀಲಿ ಟ್ಯೂಬು ಕೊಂಡೆ. ಮುಂದಿನ ರಜೆಯಲ್ಲಿ ಅದೇ ಜಾಗದಲ್ಲಿ ನಿಂತು ಮತ್ತೆ ಬರೆದೆ. ನೀಲಿ ಢಾಳಾಗಿ, ಚಿತ್ರದಲ್ಲಿ ದೂರದ ಘಟ್ಟ ಹಿಂದೆ ನಿಲ್ಲದೆ ಮುಂದಕ್ಕೆ ನುಗ್ಗಿತು. ಚಾಕುವಿನಿಂದ ಕೆರೆದು ತೆಗೆದೆ. ಇನ್ನೆರಡು ಸಲವೂ ಹಾಗೇ ಆಯಿತು.

"ಬರ್ತಿಲ್ಲ, ದೊಡ್ಡಮ್ಮ."

"ಬರ್ದೇ ಇದ್ರೆ ಬಿಡು. ಪೆಟ್ಟಿಗೆ ಮುಚ್ಚು, ಆ ಗುಡ್ಡ ಹತ್ತಾನ. ಇಷ್ಟು ವರ್ಷ ಇಲ್ಲೇ ಇದ್ದೂ ಮೇಲೆ ಹೋಗಿಲ್ಲ ನಾನು."

ಸೊಸೆ ಬೇಡವೆಂದಳು. ಆದರೂ ಮರುದಿನ ನಸುಕಿನಲ್ಲೇ ಹೊರಟೆವು. ನಿಂತು, ಕೂತು, ಬಿಸಿಲೇರುವ ಮೊದಲು ತುದಿ ಮುಟ್ಟಿದೆವು. ದೊಡ್ಡಮ್ಮ ಹುಲ್ಲಿನ ಮೇಲೆ ಕಾಲು ಚಾಚಿ ಕೂತು, ಕೆಳಗಿನ ಒಂದೊಂದು ಹೆಂಚಿನ ಮನೆಯನ್ನೂ ಬೆರಳು ಮಾಡಿ ತೋರಿಸುತ್ತಾ ಯಾರದೆಂದು ಹೇಳತೊಡಗಿದರು.